ಹಸಿರು ಗುರುತನ್ನೂ ನಂಬದ ಹುಸೇನ್‌ಬೀ

ಸಿಂಧನೂರಿನಿಂದ ಜವಳಗೇರಾ ಕಡೆಗೆ ಹೋಗುವ ರಸ್ತೆಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಅಕ್ಕಿ ಗಿರಣಿಯ ಗೇಟಿನ ಹೊರಗೆ ಭತ್ತದ ಚೀಲ ಹೊತ್ತ ಟ್ರ್ಯಾಕ್ಟರುಗಳು ಒಂದರ ಹಿಂದೊಂದು ನಿಂತಿವೆ. ಗೇಟಿನ ಒಳಗೆ ಅವುಗಳನ್ನು ತೂಗುವ ಕಾಟಾ, ಅಂದರೆ ನೆಲಕ್ಕೆ ಸಮನಾಗಿ ಕೂರಿಸಿದ ಉದ್ದನೆಯ ಕಬ್ಬಿಣದ ಹಾಸು. ಅದರ ಪಕ್ಕ ಒಂದು ಸಣ್ಣ ಕೋಣೆ, ಕೋಣೆಗೊಂದು ಕಿಟಕಿ. ಆ ಕಿಟಕಿಯ ಹೊರಗೆ ತಲೆಗೆ ಸೆರಗು ಸುತ್ತಿ, ಸೀರೆಯ ಮೇಲೊಂದು ಗಂಡಸರ ಸ್ವೆಟರ್ ಹಾಕಿಕೊಂಡ ಹೆಂಗಸೊಬ್ಬಳು ಕೈಕಟ್ಟಿ ನಿಂತಿದ್ದಾಳೆ. ಅವಳು ಏನನ್ನೂ ಮಾಡುತ್ತಿಲ್ಲ. ಸುಮ್ಮನೆ ನೋಡುತ್ತಿದ್ದಾಳೆ.

ಇವಳೇ ಹುಸೇನ್‌ಬೀ. ಸಿಂಧನೂರು, ಮಸ್ಕಿ, ಲಿಂಗಸುಗೂರು, ಈ ಮೂರು ಊರುಗಳಲ್ಲಿ ಎಲ್ಲಿ ಕಂಪ್ಯೂಟರ್ ಕೆಟ್ಟರೂ ಬಸ್ಸು ಹತ್ತಿ ಹೋಗಿ ಸರಿ ಮಾಡಿ ಬರುವವಳು. ನಾನು ಬಂದದ್ದು ಅವಳ ಕೆಲಸ ನೋಡಲು. ಕೆಲಸ ಯಾವಾಗ ಶುರು ಎಂದು ಕೇಳಿದರೆ, "ಶುರು ಆಗೇತಲ್ರೀ, ನೋಡಾಕತ್ತೀನಿ. ನೀವೂ ಸುಮ್ನ ನಿಂತು ನೋಡ್ರಿ" ಎನ್ನುತ್ತಾಳೆ. ನಾನು ಪತ್ರಿಕೆಯವನೆಂಬುದು ಅವಳಿಗೆ ಇನ್ನೂ ಪೂರ್ತಿ ಖಾತ್ರಿಯಿಲ್ಲ. ನಿನ್ನೆ ನಮ್ಮ ಕಚೇರಿಗೆ ಫೋನ್ ಮಾಡಿ ವಿಚಾರಿಸಿದ್ದಾಳೆ. "ಹೌದು ನಮ್ಮವರೇ ಅಂದ್ರು. ಹೌದು ಅಂದವರು ಯಾರೋ ಏನೋ."

ಕಾಟಾ ನೋಡಿಕೊಳ್ಳುವ ಅಂಬಪ್ಪ ಬರುತ್ತಾನೆ. ಐವತ್ತು ದಾಟಿದ ಸಣಕಲು ಆಳು. ಕೆಂಪು ದಾರಕ್ಕೆ ಕಟ್ಟಿದ ಕೀಲಿಯನ್ನು ಅಂಗಿಯ ಜೇಬಿನಿಂದ ತೆಗೆದು ಬಾಗಿಲು ತೆರೆಯುತ್ತಾನೆ. ಗೋಡೆಯ ಮೇಲಿನ ಮೇನ್ ಸ್ವಿಚ್ ಮೇಲೆತ್ತುತ್ತಾನೆ. ಒಳಗೆ ಫ್ಯಾನು, ದೀಪ, ಕಂಪ್ಯೂಟರು ಎಲ್ಲಾ ಒಟ್ಟಿಗೆ ಎಚ್ಚರಗೊಳ್ಳುತ್ತವೆ. ಅವನು ಹೊರಗೆ ಬಂದು ಕಬ್ಬಿಣದ ಹಾಸಿನ ಮೇಲೆ ಅರಿಶಿನ ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿ, ಸಾಲಿನಲ್ಲಿ ಮೂರನೆಯದಾಗಿ ನಿಂತ ಟ್ರ್ಯಾಕ್ಟರನ್ನು ಮೊದಲು ಕರೆಯುತ್ತಾನೆ. ಅದು ಸುಗ್ಗಿಯಲ್ಲಿ ದಿನಾ ಒಂದು ಲೋಡ್ ಭತ್ತ ತರುವ ದಢೇಸುಗೂರಿನ ಚನ್ನವೀರನದು. ಅವನ ಕೈಗುಣ ಒಳ್ಳೆಯದಂತೆ, ಬೋಣಿ ಅವನದೇ ಆಗಬೇಕು. ಮುಂದಿದ್ದ ಇಬ್ಬರೂ ಗೊಣಗದೆ ದಾರಿ ಬಿಡುತ್ತಾರೆ.

ಟ್ರ್ಯಾಕ್ಟರ್ ಹಾಸಿನ ಮೇಲೆ ಹತ್ತುತ್ತದೆ, ಚೀಟಿ ಬರುತ್ತದೆ. ಚನ್ನವೀರನಿಗಿಂತ ಮೊದಲು ಹುಸೇನ್‌ಬೀ ಕೈ ಚಾಚಿ ಚೀಟಿ ತೆಗೆದುಕೊಂಡು ಒಂದೇ ಸಾಲನ್ನು ನೋಡುತ್ತಾಳೆ. ಚೀಲದ ತೂಕವೆಂದು ಕಳೆದ ಸಾಲು. ಅಲ್ಲಿ "ಗೋಣಿ" ಎಂದಿದೆ. ಟ್ರ್ಯಾಕ್ಟರಿನಲ್ಲಿರುವ ಚೀಲಗಳೆಲ್ಲ ಪ್ಲಾಸ್ಟಿಕ್ಕಿನವು.

"ಇವತ್ತೂ ಬಂತು ನೋಡ್ರಿ" ಎನ್ನುತ್ತಾಳೆ, ಚಹಾ ಬಂತು ಎನ್ನುವಷ್ಟೇ ಸಲೀಸಾಗಿ.

ಓದುಗರಿಗೆ ಇದರ ಗಂಭೀರತೆ ತಿಳಿಯಬೇಕು. ಗೋಣಿಚೀಲ ಕಿಲೋ ಹತ್ತಿರ ತೂಗುತ್ತದೆ, ಪ್ಲಾಸ್ಟಿಕ್ ಚೀಲಕ್ಕೆ ತೂಕವೇ ಇಲ್ಲ ಎನ್ನಬಹುದು. ಪ್ಲಾಸ್ಟಿಕ್ಕಿನಲ್ಲಿ ಬಂದ ಭತ್ತಕ್ಕೆ ಗೋಣಿಯ ಲೆಕ್ಕದಲ್ಲಿ ತೂಕ ಕಳೆದರೆ, ಒಂದು ಟ್ರ್ಯಾಕ್ಟರಿಗೆ ಒಂದು ಚೀಲಕ್ಕಿಂತ ಹೆಚ್ಚು ಭತ್ತ ರೈತನ ಕೈಯಿಂದ ಜಾರಿಹೋಗುತ್ತದೆ. ಈ ಸುಗ್ಗಿಯಿಂದ ಪ್ಲಾಸ್ಟಿಕ್ ಲೆಕ್ಕವನ್ನೇ ಹಿಡಿಯಬೇಕೆಂದು ಗಿರಣಿ ಮಾಲೀಕ ಅಮರಗುಂಡಪ್ಪನವರೇ ಹೇಳಿದ್ದಾರೆ. ಆದರೂ ದಿನಾ ಬೋಣಿಯ ಟ್ರ್ಯಾಕ್ಟರಿಗೆ ಮಾತ್ರ ಗೋಣಿ ಬೀಳುತ್ತದೆ. ಎರಡನೆಯದರಿಂದ ಎಲ್ಲವೂ ಸರಿ.

ಹಾಗಾದರೆ ಯಾರ ಕೈವಾಡ? ಚನ್ನವೀರನಿಗೆ ಮಾಲೀಕರ ಮೇಲೆ ಅನುಮಾನ. ಮಾಲೀಕರಿಗೆ ಅಂಬಪ್ಪನ ಮೇಲೆ. ಅಂಬಪ್ಪ ಯಾರ ಮೇಲೆ ಅನುಮಾನ ಎಂದು ಬಾಯಿ ಬಿಡುವುದಿಲ್ಲ, ಅದೇ ಒಂದು ದೊಡ್ಡ ಅನುಮಾನವಾಗಿ ನನ್ನ ತಲೆಯಲ್ಲಿ ಕೂತಿದೆ. ತೂಕ ಎಂದರೆ ನಾನು ಮೊದಲೇ ಕಣ್ಣು ಕಿರಿದು ಮಾಡುವವನು, ತರಕಾರಿ ಕೊಳ್ಳುವಾಗಲೂ ತಕ್ಕಡಿಯ ಮುಳ್ಳನ್ನೇ ನೋಡುತ್ತೇನೆ. ಮೊದಲ ಚೀಟಿ ಕೊಟ್ಟ ಮೇಲೆ ಅಂಬಪ್ಪ ಕಂಪ್ಯೂಟರಿನಲ್ಲಿ ಅದೇನನ್ನೋ ಒತ್ತಿದ್ದನ್ನು ನಾನೂ ಕಣ್ಣಾರೆ ಕಂಡೆ.

ಅಮರಗುಂಡಪ್ಪನವರು ಹುಸೇನ್‌ಬೀಯನ್ನು ಕರೆಸಿದ್ದೂ ಅದಕ್ಕೇ. ಆಫೀಸಿನಲ್ಲಿ ಕೂರಿಸಿ, ಧ್ವನಿ ತಗ್ಗಿಸಿ ಹೇಳುತ್ತಾರೆ: "ನೋಡವ್ವಾ, ದಿನಾ ಮುಂಜಾನಿ ಈ ಅಂಬಪ್ಪನ ಹೆಸರಿಲೆ ಚೀಲದ ಸೆಟ್ಟಿಂಗ್ ಬದಲಿ ಆಗೇತಿ. ಮಷೀನ್ ಒಳಗ ದಾಖಲಿ ಐತಿ. ಇವನೇ ಬದಲಿ ಮಾಡ್ತಾನ, ಇವನೇ ಸರಿ ಮಾಡ್ತಾನ. ನಡುವ ಏನೋ ಆಟ ನಡಿಸ್ಯಾನ. ನೀ ಅದನ್ನ ಹಿಡದು ತೋರಸು, ಇವತ್ತು ಸಂಜಿಕ ಕೀಲಿ ಇಸಗೊಂಡು ಮನಿಗೆ ಕಳಸ್ತೀನಿ."

"ಸಾವ್ಕಾರ್ರ, ನಾ ಕಳ್ಳನ್ನ ಹಿಡಿಯಾಕ ಬಂದಾಕಿ ಅಲ್ರಿ, ಮಷೀನ್ ನೋಡಾಕ ಬಂದೀನಿ" ಎನ್ನುತ್ತಾಳೆ ಅವಳು. "ಮೊದ್ಲ ನಿಮ್ಮ ಲ್ಯಾಪ್‌ಟಾಪ್ ಕೊಡ್ರಿ."

"ನಂದ್ಯಾಕ?"

"ಮನಿಯಾಗ ಕುಂತು ಕಾಟಾ ಮಷೀನಿನೊಳಗ ಹೋಗಾಕ ನಿಮಗೂ ಬರತೈತಲ್ರೀ. ನಿಮ್ಮ ಮ್ಯಾಲೂ ಶಕ್ ಐತಿ ನನಗ."

ತಮ್ಮ ಮೇಲೇ ಅನುಮಾನವೆಂದ ಕೂಡಲೇ ಅಮರಗುಂಡಪ್ಪನವರ ಮುಖ ಕೆಂಪೇರುತ್ತದೆ. ನಾನು ಗೋಡೆಯ ಕ್ಯಾಲೆಂಡರ್ ಓದುವವನಂತೆ ನಟಿಸುತ್ತೇನೆ. ಆದರೂ ಲ್ಯಾಪ್‌ಟಾಪ್ ಕೊಡುತ್ತಾರೆ. ಅವಳು ಅದನ್ನು ಜಾಲಾಡಿ, ತಿರುಗಿ ಕೊಟ್ಟು, "ನಿಮ್ದೇನಿಲ್ರಿ" ಎಂದು ಎದ್ದು ಹೋಗುತ್ತಾಳೆ. ಸಾರಿ ಗೀರಿ ಏನೂ ಇಲ್ಲ.

ಈ ಗುಣ ಎಲ್ಲಿಂದ ಬಂತೆಂದು ಕೇಳಿದರೆ ಮಸ್ಕಿಯಲ್ಲಿರುವ ತಾಯಿ ಖಾಸಿಂಬೀಯ ಕಡೆಗೆ ಬೆರಳು ತೋರಿಸುತ್ತಾಳೆ. ಖಾಸಿಂಬೀ ಹೆಂಗಸರ ರವಿಕೆ, ಇಲ್ಲಿನ ಮಾತಿನಲ್ಲಿ ಜಂಪರ್, ಹೊಲಿಯುತ್ತಿದ್ದರು. "ಅಳತಿ ಜಂಪರ್ ತಂದು ಕೊಟ್ರೂ ನಮ್ಮವ್ವ ನಂಬತಿದ್ದಿಲ್ರಿ. ಮೈಗೆ ಟೇಪ್ ಹಚ್ಚೇ ನೋಡಾಕಿ. ಬಟ್ಟಿ ಸುಳ್ಳು ಹೇಳತೈತಿ, ಮೈ ಹೇಳೂದಿಲ್ಲ ಅಂತಿದ್ಲು. ಬೈಸಿಕೊಂಡ್ಲು, ಆದ್ರ ಒಂದು ಜಂಪರೂ ವಾಪಸ್ ಬರಲಿಲ್ಲ." ಹುಸೇನ್‌ಬೀ ಪಿಯುಸಿ ಮುಗಿಸಿ ಲಿಂಗಸುಗೂರಿನ ಟೈಪಿಂಗ್ ಸೆಂಟರೊಂದರಲ್ಲಿ ಕೆಲಸಕ್ಕೆ ಸೇರಿದಳು. ಅಲ್ಲಿ ಪದೇ ಪದೇ ಕೆಡುತ್ತಿದ್ದ ಕಂಪ್ಯೂಟರುಗಳನ್ನು ರಿಪೇರಿಯವನು ಬರುವಷ್ಟರಲ್ಲಿ ತಾನೇ ಬಿಚ್ಚಿ ಜೋಡಿಸುತ್ತ ಕಲಿತಳು. ರಿಪೇರಿಯವನು ಬಿಲ್ಲು ಕೇಳಿದಾಗ ಏನು ಕೆಟ್ಟಿತ್ತು ತೋರಿಸೆಂದು ಪಟ್ಟು ಹಿಡಿದಳಂತೆ. ಅವನು ಆ ಸೆಂಟರಿಗೆ ಬರುವುದನ್ನೇ ಬಿಟ್ಟ.

ಈಗ ದಿನಕ್ಕೆ ನಾಲ್ಕೈದು ಕಡೆಯಿಂದ ಕರೆ ಬರುತ್ತದೆ. ಸುಗ್ಗಿಯಲ್ಲಿ ಅದರ ಎರಡರಷ್ಟು. ಮಸ್ಕಿಯ ಬೀಜದಂಗಡಿ, ಲಿಂಗಸುಗೂರಿನ ಒಂದು ಚಿಕ್ಕ ಆಸ್ಪತ್ರೆ, ಸಿಂಧನೂರಿನ ಗಿರಣಿಗಳು. ಬಾಗಿಲಲ್ಲಿ ಇವಳನ್ನು ಕಂಡು, ಗಂಡಸರ್ಯಾರೂ ಬರಲಿಲ್ಲವಾ ಎಂದು ಹಿಂದೆ ಇಣುಕಿ ನೋಡುವವರು ಇನ್ನೂ ಇದ್ದಾರೆ. ಅದಕ್ಕಿಂತ ಅವಳಿಗೆ ನೋವಾಗುವುದು ಇನ್ನೊಂದು. "ಕೊನಿಗೆ ಯಾರು ಕೈ ಹಚ್ಚ್ಯಾರ, ಅವರ ತಲಿ ಮ್ಯಾಲ ಬರತೈತ್ರಿ ಎಲ್ಲಾ. ನಾ ಮುಟ್ಟಿ ಬಂದ ಮ್ಯಾಲ ಬಲ್ಬ್ ಸುಟ್ರೂ ನನಗ ಫೋನು. ಚಲೋ ನಡದೈತಿ ಅಂತ ಹೇಳಾಕ ಒಬ್ರೂ ಇವತ್ತಿನತನಾ ಫೋನ್ ಮಾಡಿಲ್ಲ. ಒಂದಿನ ಹಂಗ ಒಂದು ಫೋನ್ ಬರಬೇಕು ನೋಡ್ರಿ, ಅಷ್ಟ ನನ್ನ ಆಸೆ." ಅಂಬಪ್ಪನನ್ನು ಕಳ್ಳನೆಂದು ಹಿಡಿದು ತೋರಿಸಲು ಅವಳು ಒಪ್ಪದಿದ್ದದ್ದು ಯಾಕೆಂದು ಆಗ ನನಗೆ ಅರ್ಥವಾಗುತ್ತದೆ. ಅವನೂ ಕೊನೆಗೆ ಕೈ ಹಚ್ಚಿದವನೇ.

ಕಾಟಾ ಕೋಣೆಯಲ್ಲಿ ನಾವು ಮೂವರೇ ಇದ್ದಾಗ ಅವಳು ಅಂಬಪ್ಪನನ್ನು ಕೇಳುತ್ತಾಳೆ. "ಅಂಬಪ್ಪಣ್ಣ, ದಿನಾ ಬೋಣಿ ಆದ ಮ್ಯಾಲ ಚೀಲದ ಸೆಟ್ಟಿಂಗ್ ಬದಲಿ ಮಾಡಾಂವ ನೀನ ಹೌದಲ್ಲೋ?"

ಅಂಬಪ್ಪ ನೆಲ ನೋಡುತ್ತಾನೆ. "ಹೌದವಾ ತಂಗಿ. ಗೋಣಿ ಇದ್ದದ್ದನ್ನ ಪ್ಲಾಸ್ಟಿಕ್ ಮಾಡತೀನಿ."

"ಬೋಣಿಗಿಂತ ಮೊದ್ಲ ಯಾಕ ಮಾಡೂದಿಲ್ಲ?"

"ಬೋಣಿ ಆಗೂತನಾ ಮಷೀನಿಗೆ ಕೈ ಹಚ್ಚಬಾರದು. ನಮ್ಮಪ್ಪ ತಕ್ಕಡಿ ಹಿಡಿಯುವಾಗಿಂದ ಹಂಗ ಬಂದೈತಿ. ಮೊದಲನೇ ತೂಕ ತಾನ ಆಗಬೇಕು. ಆಮ್ಯಾಲ ಏನರ ಮಾಡು."

"ಮತ್ತ ಗೋಣಿ ಯಾರು ಹಾಕತಾರ?"

ಅಂಬಪ್ಪ ನನ್ನ ಕಡೆ ನೋಡುತ್ತಾನೆ, ಬಾಗಿಲ ಕಡೆ ನೋಡುತ್ತಾನೆ. ಆಮೇಲೆ ಹೇಳುತ್ತಾನೆ: "ಸಾವ್ಕಾರ್ರು ಮನಿಯಿಂದ ಹಾಕತಾರ ಅಂತ ತಿಳಕೊಂಡೀನಿ. ಬಾಯಿಲೆ ಪ್ಲಾಸ್ಟಿಕ್ ಅಂದು, ಕೈಲೆ ಗೋಣಿ. ಕೇಳಿದ್ರ ನೌಕರಿ ಹೋಗತೈತಿ. ಕೇಳದಿದ್ರ ರೈತರ ನೆಲ್ಲು ಹೋಗತೈತಿ. ಅದಕ್ಕ ಸುಮ್ನ ಸರಿ ಮಾಡಕೋತ ಬಂದೀನಿ."

ಮಾಲೀಕರು ಆಳಿನ ಮೇಲೆ ಕಣ್ಣಿಟ್ಟಿದ್ದಾರೆ, ಆಳು ಮಾಲೀಕರ ಮೇಲೆ ಕಣ್ಣಿಟ್ಟಿದ್ದಾನೆ, ನಡುವೆ ಚನ್ನವೀರನ ಭತ್ತ ದಿನಾ ಕರಗುತ್ತಿದೆ. ಅಂಬಪ್ಪನ ಮಾತು ನಿಜವೆನಿಸಿದರೂ ಅದಕ್ಕೆ ಸಾಕ್ಷಿಯಿಲ್ಲ. ಹುಸೇನ್‌ಬೀ ಅಯ್ಯೋ ಎನ್ನುವುದಿಲ್ಲ. "ನೀ ಹೇಳೂದು ಖರೆ ಇರಬಹುದು, ಇಲ್ಲದಿರಬಹುದು" ಎಂದು ಹೊರಗೆ ಚನ್ನವೀರನ ಹತ್ತಿರ ಹೋಗುತ್ತಾಳೆ.

ಚನ್ನವೀರ ಇನ್ನೊಂದು ಮಾತು ಹೇಳುತ್ತಾನೆ. ಒಂದೇ ಒಂದು ದಿನ ಅವನ ಬೋಣಿ ಚೀಟಿ ಸರಿಯಾಗಿ ಬಂದಿತ್ತಂತೆ. "ಹಿಂದಿನ ರಾತ್ರಿ ಲಾರಿ ಲೋಡ್ ಇತ್ತು ಅಂತ ಕಾಟಾ ಬಂದ್ ಮಾಡಿದ್ದಿಲ್ಲ. ಬೆಳತನಕ ನಡದಿತ್ತು. ಅವತ್ತು ಇವರಿಗೆ ಕಳವು ಮಾಡಾಕ ಪುರುಸೊತ್ತು ಸಿಗಲಿಲ್ಲ ಅನಕೊಂಡೆ."

ಹುಸೇನ್‌ಬೀ ಸರಸರ ಅಂಬಪ್ಪನ ಹತ್ತಿರ ವಾಪಸು ಬರುತ್ತಾಳೆ. "ಅಣ್ಣ, ಸಂಜಿಕ ಮೇನ್ ಬಂದ್ ಮಾಡತಿಯೇನು?"

"ದಿನಾ ಮಾಡತೀನಿ. ಹಗಲೆಲ್ಲಾ ದುಡದೈತಿ, ರಾತ್ರಿ ಮಲಗಲಿ ಪಾಪ."

ಅವಳು ಮೊದಲ ಬಾರಿಗೆ ಕಂಪ್ಯೂಟರಿನ ಮುಂದಿನ ಸ್ಟೂಲಿನ ಮೇಲೆ ಕೂರುತ್ತಾಳೆ. ಇನ್ನು ನಡೆದದ್ದನ್ನು ಹೇಳುವ ಮೊದಲು ಒಂದು ವಿಷಯ ಬಿಡಿಸಿ ಹೇಳಬೇಕು. ಇದನ್ನು ಅವಳು ನನಗೆ ಎರಡು ಸಲ ಹೇಳಿದಳು, ಎರಡನೆಯ ಸಲ ನನ್ನಿಂದ ತಿರುಗಿ ಹೇಳಿಸಿದಳು.

ಕಾಟಾದ ಹಳೇ ವಿಂಡೋಸ್ ಕಂಪ್ಯೂಟರ್ ಮುದಿಯಾಗಿತ್ತು. ಅದರ ತೂಕದ ಸಾಫ್ಟ್‌ವೇರ್ ಹೊಸ ಕಂಪ್ಯೂಟರಿನಲ್ಲಿ ಓಡುವುದಿಲ್ಲ. ಹಾಗಾಗಿ ಸುಗ್ಗಿಗೆ ಮುಂಚೆ ಹೊರಗಿನಿಂದ ಬಂದ ಹುಡುಗರು ಆ ಹಳೇ ಕಂಪ್ಯೂಟರಿನ ಒಳಗಿದ್ದುದನ್ನೆಲ್ಲ ಇಡಿಯಾಗಿ ಎತ್ತಿ ಒಂದು ಹೊಸ ದೊಡ್ಡ ಕಂಪ್ಯೂಟರಿನೊಳಗೆ ಇಟ್ಟರು. ಈಗ ಅದು ಮಷೀನಿನೊಳಗಿನ ಮಷೀನು, ವರ್ಚುವಲ್ ಮಷೀನ್. ಬಾಡಿಗೆದಾರನನ್ನು ಸಾಮಾನು ಸಮೇತ ಹೊಸ ಮನೆಗೆ ಸಾಗಿಸಿದಂತೆ. ಹೊಸ ಮನೆಯಲ್ಲಿ ಮೊದಲ ಸಲ ಕಣ್ಣು ಬಿಟ್ಟಾಗ ಅದಕ್ಕೆ ದಿಕ್ಕು ತಪ್ಪಬಾರದೆಂದು, ನಿನ್ನ ಹೆಸರು ಇದು, ವಿಳಾಸ ಇದು, ಸೆಟ್ಟಿಂಗುಗಳು ಇವು ಎಂದು ಹೇಳಿಕೊಡುವ ಆದೇಶಗಳ ಸರಣಿಯೊಂದನ್ನು ಒಳಗೆ ಇಟ್ಟಿರುತ್ತಾರೆ. ಅದಕ್ಕೆ ಸ್ಕ್ರಿಪ್ಟ್ ಎನ್ನುತ್ತಾರೆ. ಅದು ಒಮ್ಮೆ ಮಾತ್ರ ಓಡಬೇಕು. ಓಡಿದ ಮೇಲೆ ಕೆಲಸ ಆಯಿತು ಎಂದು ಡಿ ಡ್ರೈವಿನಲ್ಲಿ ಒಂದು ಗುರುತು ಹಾಕಿ ಸುಮ್ಮನಾಗಬೇಕು. ಮುಂದಿನ ಸಲ ಗುರುತು ಕಂಡರೆ ಓಡುವುದಿಲ್ಲ.

ಹುಡುಗರು ಹೋಗುವಾಗ ಪರದೆಯ ಮೇಲೆ ಹಸಿರು ಗುರುತು ಬಂದಿತ್ತು, ಯಶಸ್ವಿ ಎಂದು. "ಹಸರು ನೋಡಿದ ಕೂಡಲೇ ಎಲ್ರೂ ಮನಿಗೆ ಹೋಗತಾರ" ಎನ್ನುತ್ತಾಳೆ ಹುಸೇನ್‌ಬೀ. "ನಾ ಹಸರು ಕಂಡ ಮ್ಯಾಲೇ ನೋಡಾಕ ಶುರು ಮಾಡಾಕಿ."

ಅವಳು ಒಳಗೆ ಇಳಿದು ನೋಡುತ್ತಾಳೆ. ಹೊಸ ಮನೆಯಲ್ಲಿ ಡಿ ಎಂಬ ಹೆಸರನ್ನು ಒಂದು ಖಾಲಿ ಸಿಡಿ ಡ್ರೈವ್ ಹಿಡಿದುಕೊಂಡು ಕೂತಿದೆ. ಕೈಯಿಂದ ಮುಟ್ಟಲು ಸಿಗದ, ಹೆಸರಿಗೆ ಮಾತ್ರ ಇರುವ ಸಿಡಿ ಡ್ರೈವ್. ನಿಜವಾದ ಡಿ ಡ್ರೈವ್ ‘ಇ’ ಎಂಬ ಹೆಸರು ಹೊತ್ತು ಪಕ್ಕಕ್ಕೆ ಸರಿದಿದೆ. ಸ್ಕ್ರಿಪ್ಟ್ ತನ್ನ ಗುರುತನ್ನು ಖಾಲಿ ಸಿಡಿಯ ಮೇಲೆ ಬರೆಯಲು ಹೋಗಿ ಸೋಲುತ್ತದೆ. ಸೋತರೂ ಕೊನೆಗೆ ಯಶಸ್ವಿ ಎಂದೇ ಹೇಳುತ್ತದೆ, ಹಾಗೆ ಬರೆದವರ ಪುಣ್ಯ. ಮರುದಿನ ಅಂಬಪ್ಪ ಮೇನ್ ಹಾಕಿದಾಗ ಗುರುತು ಕಾಣದೆ, ಇವತ್ತೇ ಹೊಸ ಮನೆಗೆ ಬಂದೆನೆಂದುಕೊಂಡು ಮತ್ತೆ ಓಡುತ್ತದೆ. ಸಾಗಿಸಿದ ದಿನದ ಸೆಟ್ಟಿಂಗುಗಳನ್ನೆಲ್ಲ ಮತ್ತೆ ತಂದಿಡುತ್ತದೆ. ಆ ದಿನ ಚೀಲದ ತೂಕ ಗೋಣಿಯದಿತ್ತು.

"ಇದಕ್ಕ ದಿನಾ ಮುಂಜಾನಿನೂ ಮೊದಲನೇ ಮುಂಜಾನಿನೇರಿ" ಎನ್ನುತ್ತಾಳೆ. ಅವಳ ಮುಖದಲ್ಲಿ ಗೆದ್ದ ಭಾವವೇನೂ ಇಲ್ಲ. ತನ್ನ ಈ ಲೆಕ್ಕದ ಮೇಲೂ ಅವಳಿಗೆ ಅನುಮಾನವೇ.

ಹಾಗಾಗಿ ಮಧ್ಯಾಹ್ನ ಸಾಲು ಖಾಲಿಯಾದ ಮೇಲೆ ಎಲ್ಲರನ್ನೂ ಕಾಟಾ ಕೋಣೆಗೆ ಕರೆಸುತ್ತಾಳೆ. ಅಮರಗುಂಡಪ್ಪನವರ ಲ್ಯಾಪ್‌ಟಾಪ್ ಮುಚ್ಚಿಸಿ ಚನ್ನವೀರನ ಕೈಗೆ ಕೊಡುತ್ತಾಳೆ. ಪರದೆಯ ಮೇಲೆ ಪ್ಲಾಸ್ಟಿಕ್ ಎಂದಿರುವುದನ್ನು ಒಬ್ಬೊಬ್ಬರಿಗೂ ತೋರಿಸುತ್ತಾಳೆ. "ಈಗ ಯಾರೂ ಏನೂ ಮುಟ್ಟಬ್ಯಾಡ್ರಿ. ಕೈ ಹಿಂದ ಕಟ್ಟಕೋರಿ. ನೀವೂರಿ ಪೇಪರಿನವರು."

ನಾವು ನಾಲ್ವರು ಗಂಡಸರು ಶಾಲೆಯಲ್ಲಿ ಶಿಕ್ಷೆ ಪಡೆದವರಂತೆ ಕೈ ಹಿಂದೆ ಕಟ್ಟಿ ನಿಲ್ಲುತ್ತೇವೆ, ಚನ್ನವೀರನ ಬೆನ್ನ ಹಿಂದೆ ಲ್ಯಾಪ್‌ಟಾಪ್. ಅವಳು ಮೇನ್ ಇಳಿಸುತ್ತಾಳೆ. ಫ್ಯಾನು ನಿಂತು ಸೆಕೆ ಏರುತ್ತದೆ. ಮತ್ತೆ ಮೇನ್ ಎತ್ತುತ್ತಾಳೆ. ಮಷೀನು ನಿಧಾನಕ್ಕೆ ಎಚ್ಚರವಾಗುತ್ತದೆ, ತೂಕದ ಪರದೆ ತೆರೆಯುತ್ತದೆ. ಚೀಲದ ಜಾಗದಲ್ಲಿ "ಗೋಣಿ" ಎಂದಿದೆ.

ಅಂಬಪ್ಪ ಕಟ್ಟಿದ ಕೈ ಬಿಚ್ಚಿ ಪಂಚೆಯ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಾನೆ. ಅಮರಗುಂಡಪ್ಪನವರು ಪರದೆಯನ್ನೇ ದಿಟ್ಟಿಸುತ್ತ, "ಇನ್ನೊಮ್ಮಿ ಮಾಡು" ಎನ್ನುತ್ತಾರೆ. ಇನ್ನೊಮ್ಮೆಯೂ ಗೋಣಿ. ಚನ್ನವೀರನ ಕಡೆ ತಿರುಗಿ, ಕಡಿಮೆ ಬಿದ್ದ ಭತ್ತವನ್ನೆಲ್ಲ ಲೆಕ್ಕ ಹಾಕಿ ತುಂಬಿಕೊಡುತ್ತೇನೆ ಎನ್ನುತ್ತಾರೆ. ಚನ್ನವೀರ, "ಕೊಟ್ಟ ಮ್ಯಾಲ ನೋಡೂಣ್ರಿ" ಎಂದು ಲ್ಯಾಪ್‌ಟಾಪ್ ವಾಪಸು ಮಾಡುತ್ತಾನೆ.

ಹುಸೇನ್‌ಬೀ ಆ ಸುಳ್ಳು ಸಿಡಿ ಡ್ರೈವ್ ಕಿತ್ತುಹಾಕಿ, ನಿಜವಾದ ಡ್ರೈವಿಗೆ ಅದರ ಹೆಸರು ತಿರುಗಿ ಕೊಡುತ್ತಾಳೆ. ಸ್ಕ್ರಿಪ್ಟನ್ನು ಒಮ್ಮೆ ಓಡಲು ಬಿಡುತ್ತಾಳೆ, ಗುರುತು ಬಿತ್ತೇ ಎಂದು ಕಣ್ಣಾರೆ ನೋಡುತ್ತಾಳೆ. ಚೀಲದ ಜಾಗದಲ್ಲಿ ಪ್ಲಾಸ್ಟಿಕ್ ಹಾಕಿ, ಮೇನ್ ಇಳಿಸಿ ಎತ್ತಿ, ಇಳಿಸಿ ಎತ್ತಿ, ನಮಗೆ ಸಾಕುಸಾಕಾಗುವವರೆಗೆ ಪರೀಕ್ಷೆ ಮಾಡುತ್ತಾಳೆ. ಪ್ಲಾಸ್ಟಿಕ್ ಕದಲುವುದಿಲ್ಲ.

ಅಷ್ಟಾದರೂ ಸಂಜೆ ಅಮರಗುಂಡಪ್ಪನವರು ಅಂಬಪ್ಪನ ಮುಂದೆ ಕೈ ಚಾಚುತ್ತಾರೆ. "ಕೀಲಿ ಇವತ್ತೊಂದಿನ ಆಫೀಸಿನಾಗ ಇರಲಿ. ನಾಳಿ ಬೋಣಿಗೆ ನಂದ ಟ್ರ್ಯಾಕ್ಟರ್ ಹಚ್ಚತೀನಿ. ಅದನ್ನ ನೋಡಿ ಮಾತಾಡೂಣು." ಅಂಬಪ್ಪ ಕೆಂಪು ದಾರದ ಕೀಲಿಯನ್ನು ಜೇಬಿನಿಂದ ತೆಗೆದು ಕೊಡುತ್ತಾನೆ. ಖಾಲಿ ಜೇಬನ್ನು ಒಮ್ಮೆ ಮುಟ್ಟಿ ನೋಡಿಕೊಂಡು ಮನೆಯ ದಾರಿ ಹಿಡಿಯುತ್ತಾನೆ. ನನಗೆ ಮಾಲೀಕರ ಮೇಲೆ ಕೆಟ್ಟ ಸಿಟ್ಟು ಬರುತ್ತದೆ. ಹುಸೇನ್‌ಬೀಗೆ ಬರುವುದಿಲ್ಲ. "ಒಂದಿನ ನೋಡಿ ನಂಬತೀನಿ ಅಂದ್ರ ತಪ್ಪೇನ್ರಿ? ನಾನೂ ಹಂಗ ಅಂತಿದ್ದೆ" ಎನ್ನುತ್ತಾಳೆ. ಆದರೆ ಬಸ್ ಸ್ಟ್ಯಾಂಡಿನವರೆಗೂ ಅಂಬಪ್ಪ ಹೋದ ದಾರಿಯನ್ನೇ ತಿರುತಿರುಗಿ ನೋಡುತ್ತಾಳೆ.

ಮರುದಿನ ಬೆಳಿಗ್ಗೆ ಅವಳಿಗೆ ಗಿರಣಿಗೆ ಹೋಗುವ ಆಸೆ. ಆದರೆ ಲಿಂಗಸುಗೂರಿನ ಆಸ್ಪತ್ರೆಯಲ್ಲಿ ಕಂಪ್ಯೂಟರ್ ನಿಂತುಹೋಗಿ ರೋಗಿಗಳು ಸಾಲುಗಟ್ಟಿದ್ದಾರೆ ಎಂದು ಫೋನು. ಮನಸ್ಸಿಲ್ಲದ ಮನಸ್ಸಿನಿಂದ ಮೊದಲ ಬಸ್ಸು ಹತ್ತುತ್ತಾಳೆ, ಹಿಂದೆ ನಾನು. ಇಕ್ಕೆಲದಲ್ಲಿ ಕೊಯ್ದ ಗದ್ದೆಗಳು. ಅವಳು ಮೊಬೈಲನ್ನು ಚೀಲದಲ್ಲಿ ಇಡದೆ ಕೈಯಲ್ಲೇ ಹಿಡಿದಿದ್ದಾಳೆ. ಸಿಗ್ನಲ್ ಇದೆಯೇ ಎಂದು ಆಗಾಗ ನೋಡುತ್ತಾಳೆ, ನನ್ನ ಮೊಬೈಲಿನಲ್ಲಿ ಎಷ್ಟಿದೆ ಎಂದೂ ಇಣುಕುತ್ತಾಳೆ.

ಮಸ್ಕಿ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಾಗ ಫೋನು ಬಡಿದುಕೊಳ್ಳುತ್ತದೆ. ಅವಳು ಸ್ಪೀಕರ್ ಹಾಕುತ್ತಾಳೆ.

"ತಂಗೀ, ನಾ ಅಂಬಪ್ಪ. ಸಾವ್ಕಾರ್ರು ತಾವ ಮೇನ್ ಹಾಕಿದ್ರು. ಬೋಣಿ ಆತು. ಚಲೋ ನಡದೈತವಾ."

ಹುಸೇನ್‌ಬೀ ಇಷ್ಟು ವರ್ಷ ಕಾದಿದ್ದ ಫೋನು ಇದು. ನಾನು ಅವಳ ಮುಖವನ್ನೇ ನೋಡುತ್ತೇನೆ.

"ಫೋಟೋ ಕಳಸಣ್ಣ" ಎನ್ನುತ್ತಾಳೆ ಅವಳು.

ಬಸ್ಸು ಹೊರಡುವಷ್ಟರಲ್ಲಿ ಫೋಟೋ ಬರುತ್ತದೆ. ಅಂಬಪ್ಪನ ಅಂಗೈ, ಅದರ ಮೇಲೆ ಬೋಣಿಯ ಚೀಟಿ. ಅವಳು ಎರಡು ಬೆರಳಿನಿಂದ ಹಿಗ್ಗಿಸಿ ಚೀಲದ ಸಾಲು ಓದುತ್ತಾಳೆ. ಪ್ಲಾಸ್ಟಿಕ್. ತಾರೀಖು ಓದುತ್ತಾಳೆ, ಇವತ್ತಿನದೇ. ಟ್ರ್ಯಾಕ್ಟರಿನ ನಂಬರ್ ಓದುತ್ತಾಳೆ. ಆಮೇಲೆ ಫೋಟೋವನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿದಾಗ, ಚೀಟಿ ಹಾರದಂತೆ ಅದರ ಅಂಚಿನ ಮೇಲೆ ಇಟ್ಟದ್ದು ಕಾಣುತ್ತದೆ. ಕೆಂಪು ದಾರದ ಕೀಲಿ, ಮತ್ತೆ ಅಂಬಪ್ಪನ ಕೈಯಲ್ಲಿ.

ಚೀಟಿಗಿಂತ ಹೆಚ್ಚು ಹೊತ್ತು ಅವಳು ಅದನ್ನು ನೋಡುತ್ತಾಳೆ. ಆಮೇಲೆ ಮೊಬೈಲನ್ನು ಚೀಲದೊಳಗೆ ಹಾಕಿ ಜಿಪ್ ಎಳೆಯುತ್ತಾಳೆ.

"ಇದರಾಗ ಶಕ್ ಇಲ್ರಿ" ಎನ್ನುತ್ತಾಳೆ.